ರಾಯರು ಆರಿಸಿದ ಸರ್ವರ್

ಮಿತವ್ಯಯದ ಮನುಷ್ಯನ ಕೈಗೆ ಕ್ಲೌಡ್ ಕನ್ಸೋಲಿನ, ಅಂದರೆ ದೂರದ ಬಾಡಿಗೆ ಸರ್ವರುಗಳನ್ನು ನಡೆಸುವ ಪರದೆಯ, ಪಾಸ್‌ವರ್ಡ್ ಕೊಡಬಾರದೆಂದು ಎಲ್ಲಿಯಾದರೂ ದಪ್ಪ ಅಕ್ಷರಗಳಲ್ಲಿ ಬರೆದಿದ್ದರೆ, ನಮ್ಮ ಸಾಹುಕಾರರು ಅದನ್ನು ಓದಿರಲಾರರು. ಇಂದು ಬೆಳಿಗ್ಗೆಯೂ ನಾನು ಅಕ್ಕಿರೊಟ್ಟಿಯ ಮೊದಲ ತುಂಡನ್ನು ಮುರಿಯುವ ಹೊತ್ತಿಗೆ ಕಳಸದ ಕಡೆಯ ತೋಟದ ಲೆಕ್ಕ ಬರೆಯುವ ರೈಟರು ಫೋನ್ ಮಾಡಿ, "ಸರ್, ಹಾಜರಿಯ ಚೆಕ್‌ರೋಲ್ ಓಪನ್ನೇ ಆಗ್ತಾ ಇಲ್ಲ, ಆಳುಗಳು ಕಾಯ್ತಾ ನಿಂತಿದ್ದಾರೆ" ಎಂದರು. ಅವರ ಬೆನ್ನಿಗೇ ಆಲ್ದೂರಿನವರು, ಆಲ್ದೂರಿನವರ ಬೆನ್ನಿಗೆ ಮೂಡಿಗೆರೆಯವರು. ಕಾರಣ ಮಾತ್ರ ಎಲ್ಲರಿಗೂ ಒಂದೇ. ಹಿಂದಿನ ದಿನ ಸಂಜೆ ಮನೆಗೆ ಹೊರಟ ರಾಯರು ಆಫೀಸಿನ ಫ್ಯಾನು, ಟ್ಯೂಬ್‌ಲೈಟು, ಬಚ್ಚಲಿನ ದೀಪ ಇವುಗಳ ಜೊತೆಗೆ ಮುಂಬೈಯಲ್ಲಿರುವ ನಮ್ಮ ಸರ್ವರನ್ನೂ ಆರಿಸಿ ಹೋಗಿದ್ದರು.

ರಾಯರು ಚಿಕ್ಕಮಗಳೂರಿನ ನಮ್ಮ ಕಾಫಿ ಆಫೀಸಿನ ಹಿರಿಯ ಲೆಕ್ಕಿಗರು. ನಮ್ಮ ಹಳೆಯ ಸರ್ವರು ಮೆಟ್ಟಿಲಿನ ಕೆಳಗಿನ ಗೂಡಿನಲ್ಲಿ, ಯುಪಿಎಸ್ಸಿನ ಪಕ್ಕದಲ್ಲಿ ಕುಳಿತಿತ್ತು. ಜುಲೈ ತಿಂಗಳಲ್ಲಿ ಕರೆಂಟು ಬಂದು ಹೋಗಿ ಬಂದು ಹೋಗಿ ಅದರ ಪ್ರಾಣ ಹಿಂಡುತ್ತಿತ್ತು. ಕೊನೆಗೆ ಒಂದು ಸಿಡಿಲಿನ ರಾತ್ರಿ ಅದು ತಣ್ಣಗಾಯಿತು. ಆಮೇಲೆ ಸಾಹುಕಾರರು ತೋಟಗಳ ಹಾಜರಿ, ಹಣ್ಣಿನ ತೂಕ, ಬಟವಾಡೆಯ ಲೆಕ್ಕವೆಲ್ಲ ಕ್ಲೌಡಿನಲ್ಲಿ ನಮ್ಮದೇ ಆದ ಒಂದು ವರ್ಚುವಲ್ ಪ್ರೈವೇಟ್ ಡೇಟಾ ಸೆಂಟರಿನಲ್ಲಿ ಇರಲಿ ಎಂದು ತೀರ್ಮಾನಿಸಿದರು. ತೀರ್ಮಾನ ಸರಿಯಾದದ್ದೇ. ಅಮೆಜಾನ್ 2006ರಲ್ಲಿ ಸರ್ವರುಗಳನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಕೊಡಲು ಶುರುಮಾಡಿ, 2009ರಲ್ಲಿ ಆ ಬಾಡಿಗೆಯ ಯಂತ್ರಗಳ ಸುತ್ತ ಗ್ರಾಹಕನೇ ತನ್ನ ಖಾಸಗಿ ಜಾಲವನ್ನು ಕಟ್ಟಿಕೊಳ್ಳುವ ಸೌಕರ್ಯವನ್ನು ತಂದಿತು. 2016ರಲ್ಲಿ ಅದರ ಕೇಂದ್ರ ಮುಂಬೈಗೆ ಬಂತು, ಮರುವರ್ಷ ಗೂಗಲಿನದೂ ಬಂತು. ನಾವು ಹಿಡಿದ ಕಂಪನಿ ಯಾವುದೆಂಬುದು ಇಲ್ಲಿ ಬೇಡ. ನಮ್ಮ ಸಂಕಟ ಕಂಪನಿಯದಲ್ಲ, ರಾಯರದು.

ಸಾಹುಕಾರರಿಗೆ ವಿಷಯವನ್ನು ಅರ್ಥ ಮಾಡಿಸುವುದು ಕಷ್ಟವಾಗಲಿಲ್ಲ. "ತೋಟಕ್ಕೆ ಬೇಲಿ ಹಾಕಿ, ಒಳಗೆ ಬ್ಲಾಕ್ ಮಾಡಿ, ಗೇಟಿಗೊಬ್ಬ ವಾಚ್‌ಮನ್ ಇಟ್ಟ ಹಾಗೆ ಅನ್ನು" ಎಂದು ಅವರೇ ಮುಗಿಸಿಬಿಟ್ಟರು. ಬ್ಲಾಕುಗಳೆಂದರೆ ಜಾಲದ ತುಂಡುಗಳಾದ ಸಬ್‌ನೆಟ್‌ಗಳು, ವಾಚ್‌ಮನ್ ಎಂದರೆ ಯಾರನ್ನು ಒಳಗೆ ಬಿಡಬೇಕೆಂದು ನೋಡುವ ಸೆಕ್ಯುರಿಟಿ ಗ್ರೂಪು, ಅಷ್ಟು ಸಾಕಿತ್ತು. "ಖರ್ಚಿನ ಮೇಲೆ ಒಂದು ಕಣ್ಣಿರಲಿ, ರಾಯರಿಗೂ ಒಂದು ಲಾಗಿನ್ ಮಾಡಿಕೊಡು" ಎಂದು ಅವರು ಎದ್ದು ಹೋದರು. ನಮ್ಮ ಬೆಳಗುಗಳ ನೆಮ್ಮದಿ ಹೊರಟುಹೋದದ್ದು ಆ ಒಂದು ಮಾತಿನಿಂದ.

ಲಾಗಿನ್ ಸಿಕ್ಕ ದಿನವೇ ರಾಯರು ತಮ್ಮ ಉದ್ದನೆಯ ನೋಟುಬುಕ್ಕನ್ನು ತೆರೆದು, ಪರದೆಯ ಮೇಲೆ ಅಡಿಗೋಲನ್ನಿಟ್ಟು, ಸಾಲುಸಾಲಾಗಿ ಓದತೊಡಗಿದರು. ಮೊದಲ ಸಾಲಿಗೇ ಅವರ ಉಸಿರು ನಿಂತಿತು. ನಮ್ಮ ಖಾಸಗಿ ಜಾಲದಲ್ಲಿ ಯಂತ್ರಗಳನ್ನು ಗುರುತಿಸುವ ಅಂಕಿಗಳ 65,536 ವಿಳಾಸಗಳಿವೆ ಎಂದು ಅದರಲ್ಲಿತ್ತು. "ನಮ್ಮದು ಮೂರೇ ಮಿಷನ್ನು. ಇಷ್ಟಕ್ಕೆ ಬಾಡಿಗೆ ಕಟ್ಟುತ್ತಿದ್ದೀಯೇನಪ್ಪಾ?" ಹತ್ತರಿಂದ ಶುರುವಾಗುವ ಆ ವಿಳಾಸಗಳನ್ನು 1996ರ ಅಂತರಜಾಲ ನಿಯಮವೇ ಖಾಸಗಿ ಬಳಕೆಗೆಂದು ಎತ್ತಿಟ್ಟಿದೆ, ಅವನ್ನು ಯಾರು ಬೇಕಾದರೂ ತಮ್ಮ ಜಾಲದೊಳಗೆ ಬಳಸಬಹುದು, ಅವಕ್ಕೆ ಕಾಸಿಲ್ಲ ಎಂದು ಹೇಳಿ ಸಮಾಧಾನಪಡಿಸಿದೆ. ಪುಕ್ಕಟೆ ಎಂಬ ಮಾತಿನ ಮೇಲೆ ಅವರಿಗೆ ನಂಬಿಕೆ ಕಡಿಮೆ. ಆದರೂ ಅಡಿಗೋಲು ಮುಂದಕ್ಕೆ ಸರಿಯಿತು.

ಸಬ್‌ನೆಟ್ಟಿನ ಸಾಲಿನಲ್ಲಿ ಅದು ನಿಂತೇಬಿಟ್ಟಿತು. 256 ವಿಳಾಸಗಳ ಸಬ್‌ನೆಟ್ ಮಾಡಿದ್ದೆವು. ಅದರೊಳಗೆ ಒಂದೂ ಯಂತ್ರವನ್ನು ಇಟ್ಟಿರಲಿಲ್ಲ. ಪರದೆಯ ಮೇಲೆ ಉಳಿಕೆ 251 ಎಂದಿತ್ತು.

"ಐದು ಎಲ್ಲಿ?"

ಪ್ರತಿ ಸಬ್‌ನೆಟ್‌ನಲ್ಲೂ ಐದು ವಿಳಾಸಗಳನ್ನು ಕಂಪನಿಯೇ ಇಟ್ಟುಕೊಳ್ಳುತ್ತದೆ ಎಂದೆ. ಯಾವುದಕ್ಕೆ ಎಂದರು. ಮೊದಲನೆಯದು ಜಾಲದ ಗುರುತಿಗೆ, ಎರಡನೆಯದು ಜಾಲದೊಳಗೆ ದಾರಿ ತೋರಿಸುವ ರೌಟರಿಗೆ, ಮೂರನೆಯದು ಹೆಸರು ಹುಡುಕಿಕೊಡುವ ಡಿಎನ್‌ಎಸ್‌ಗೆ, ಕಟ್ಟಕಡೆಯದು ಎಲ್ಲ ಯಂತ್ರಗಳಿಗೂ ಒಟ್ಟಿಗೆ ಸಾರುವ ಬ್ರಾಡ್‌ಕಾಸ್ಟಿಗೆ ಎಂದೆ. ರಾಯರು ಒಂದೊಂದನ್ನೂ ಬರೆದುಕೊಂಡು, ನಾಲ್ಕಕ್ಕೂ ಟಿಕ್ ಹಾಕಿ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, "ಐದನೆಯದು?" ಎಂದರು. ಅದು ಭವಿಷ್ಯದ ಬಳಕೆಗೆ ಕಾದಿರಿಸಿದ್ದು ಎಂದು ಕಂಪನಿಯ ಕೈಪಿಡಿಯಲ್ಲಿದೆ ಎಂದೆ. ಅವರ ಮುಖದ ಮೇಲೆ ಒಂದು ತೆಳುವಾದ ನಗು ಮೂಡಿತು. "ಭವಿಷ್ಯದ ಬಳಕೆ ಅಂತ ಬರೆದಿಟ್ಟ ಬಾಬತ್ತು ಎಲ್ಲಿ ಹೋಗುತ್ತೆ ಅಂತ ನನಗೆ ಗೊತ್ತಪ್ಪಾ" ಎಂದು ಕೆಂಪು ಪೆನ್ನಿನಲ್ಲಿ ಆ ಅಂಕಿಯ ಸುತ್ತ ಒಂದು ವೃತ್ತ ಎಳೆದರು. ಆ ವೃತ್ತ ಇಂದಿಗೂ ಇತ್ಯರ್ಥವಾಗಿಲ್ಲ. ತಿಂಗಳ ಕೊನೆಯಲ್ಲಿ ಬಾಕಿ ಬಾಬತ್ತುಗಳ ಪಟ್ಟಿಯಲ್ಲಿ, ಬೇಲೂರಿನ ವರ್ತಕರೊಬ್ಬರಿಂದ ಬರಬೇಕಾದ ಗೋಣಿಚೀಲಗಳ ಕೆಳಗೆ, "ವಿಳಾಸ: ಒಂದು" ಎಂದು ತಪ್ಪದೆ ನಮೂದಾಗುತ್ತದೆ.

ಇಷ್ಟಕ್ಕೇ ಮುಗಿದಿದ್ದರೆ ನಾನು ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಸರ್ವರನ್ನು ನಿಲ್ಲಿಸಿದರೆ ಅದರ ಬಾಡಿಗೆಯೂ ನಿಲ್ಲುತ್ತದೆ ಎಂಬ ಸಂಗತಿ ರಾಯರಿಗೆ ತಿಳಿದುಹೋಯಿತು. ಅಂದಿನಿಂದ ಸಂಜೆ ಚೀಲ ಹೆಗಲಿಗೇರಿಸುವ ಮೊದಲು ಅವರು ಕಂಪ್ಯೂಟರಿನ ಮುಂದೆ ನಿಂತೇ ಬಾಗಿ, ಮೌಸನ್ನು ತೋರುಬೆರಳಿನಿಂದ ಒತ್ತಿ, ಸ್ಟಾಪ್ ಎಂಬುದನ್ನು ಆರಿಸುತ್ತಾರೆ. ಖಚಿತವೇ ಎಂದು ಅದು ಕೇಳಿದರೆ "ಹೌದಪ್ಪಾ" ಎಂದು ಬಾಯಿಬಿಟ್ಟೇ ಹೇಳುತ್ತಾರೆ. ಪರದೆ ಸ್ಟಾಪಿಂಗ್ ಎಂದು ತೋರಿಸಿದರೆ ಅವರಿಗೆ ಸಾಲದು. ಅದು ಸ್ಟಾಪ್ಡ್ ಆಗುವವರೆಗೆ ಕದಲದೆ ನಿಂತು, ವೇಳೆಯನ್ನು ನೋಟುಬುಕ್ಕಿನಲ್ಲಿ ಬರೆದು, ಆಮೇಲೆ ತಲೆಯ ಮೇಲಿನ ದೀಪವನ್ನು ಆರಿಸುತ್ತಾರೆ.

ಬೆಳಿಗ್ಗೆ ಒಂಬತ್ತೂವರೆಗೆ ಬಂದು ಅವರೇ ಸರ್ವರನ್ನು ಮತ್ತೆ ಎಬ್ಬಿಸುತ್ತಾರೆ. ಡಿಸೆಂಬರಿನ ಅರೇಬಿಕಾ ಕೊಯ್ಲಿನಲ್ಲಿ ಆಳುಗಳು ತೋಟಕ್ಕಿಳಿಯುವ ಹೊತ್ತು ಯಾವುದೆಂದು ಮಲೆನಾಡಿನವರಿಗೆ ನಾನು ಹೇಳಬೇಕಾಗಿಲ್ಲ. ಹೋಗಲಿ, ಎಬ್ಬಿಸಿದ ಮೇಲಾದರೂ ಕೆಲಸ ನಡೆಯುತ್ತಿತ್ತೇ ಎಂದರೆ ಮೊದಮೊದಲು ಅದೂ ಇರಲಿಲ್ಲ. ಯಂತ್ರವನ್ನು ನಿಲ್ಲಿಸಿ ಚಾಲೂ ಮಾಡಿದಾಗ ಒಳಗಿನ ಖಾಸಗಿ ವಿಳಾಸ ಇದ್ದದ್ದೇ ಇರುತ್ತದೆ. ಹೊರಜಗತ್ತಿಗೆ ಕಾಣುವ ವಿಳಾಸ ಮಾತ್ರ ಕಂಪನಿಯ ಸಂಗ್ರಹಕ್ಕೆ ಮರಳಿ, ಬೆಳಿಗ್ಗೆ ಬೇರೊಂದು ಸಿಗುತ್ತದೆ. ತಂತ್ರಾಂಶ ಮಾಡಿಕೊಟ್ಟ ಹುಡುಗರು ಒಂದು ಡೊಮೇನ್ ಹೆಸರು ಇಡುವ ಗೋಜಿಗೆ ಹೋಗದೆ, ಆ ಹೊರವಿಳಾಸದ ಅಂಕಿಗಳನ್ನೇ ರೈಟರುಗಳ ಮೊಬೈಲಿನಲ್ಲಿ ತುಂಬಿ ಬಿಲ್ಲು ತೆಗೆದುಕೊಂಡು ಹೋದವರು ಈಗ ಫೋನ್ ಎತ್ತುವುದಿಲ್ಲ. ಹೀಗಾಗಿ ಸಿಗ್ನಲ್ಲಿಗಾಗಿ ಗುಡ್ಡ ಹತ್ತಿ ನಿಂತ ಒಬ್ಬೊಬ್ಬ ರೈಟರಿಗೂ ನಾನು ದಿನಾ ಹೊಸ ಅಂಕಿಗಳನ್ನು "ಹದಿಮೂರು, ಚುಕ್ಕಿ, ಇನ್ನೂರ ಮೂವತ್ತೆರಡು" ಎಂದು ಕೂಗಿ ಬರೆಸಬೇಕಾಗಿತ್ತು.

ಬದಲಾಗದ ವಿಳಾಸವೊಂದನ್ನು ಕಾದಿರಿಸಿಕೊಳ್ಳಲು ಅವಕಾಶವಿದೆ. ಹಾಗೆಯೇ ಮಾಡಿದೆ. ಬಿಲ್ಲಿನಲ್ಲಿ ಆ ಸಾಲು ಕಂಡ ಕೂಡಲೇ ಅಡಿಗೋಲು ನನ್ನ ಮೇಜಿಗೆ ಬಂತು. ಐಪಿವಿ4 ಎಂಬ ಈ ಬಗೆಯ ವಿಳಾಸಗಳಿರುವುದು ಒಟ್ಟು ಸುಮಾರು 429 ಕೋಟಿ, ಜಾಗತಿಕ ದಾಸ್ತಾನಿನ ಕೊನೆಯ ಕಂತುಗಳು 2011ರ ಫೆಬ್ರುವರಿಯಲ್ಲೇ ಹಂಚಿಹೋದವು, ಆದ್ದರಿಂದ ಸಾರ್ವಜನಿಕ ವಿಳಾಸಕ್ಕೆ ಈಗ ಗಂಟೆಯ ಲೆಕ್ಕದಲ್ಲಿ ದರ ಬೀಳುತ್ತದೆ ಎಂದು ವಿವರಿಸಿದೆ. "ಮಿಷನ್ನು ನಿಲ್ಲಿಸಿದ್ದೇನಲ್ಲ?" ನಿಲ್ಲಿಸಿದರೂ ವಿಳಾಸದ ದರ ನಡೆಯುತ್ತದೆ, ಡಿಸ್ಕಿನದೂ ನಡೆಯುತ್ತದೆ, ಒಳಗಿನ ಯಂತ್ರಗಳಿಗೆ ಹೊರಗಿನ ದಾರಿ ತೋರಿಸುವ ನ್ಯಾಟ್ ಗೇಟ್‌ವೇಯದಂತೂ ಯಾರೂ ಆ ದಾರಿಯಲ್ಲಿ ಹೋಗದಿದ್ದರೂ ನಡೆಯುತ್ತದೆ. ಇದನ್ನು ಕೇಳಿದ ರಾಯರು ತುಂಬ ಹೊತ್ತು ಮಾತಾಡಲಿಲ್ಲ.

ಅವರ ಮೇಲೆ ನಾನು ಪೂರ್ತಿ ಸಿಟ್ಟಾಗಲಾರೆ. 2001ರ ಆಸುಪಾಸಿನಲ್ಲಿ ಜಗತ್ತಿನ ಕಾಫಿ ದರ ನೆಲಕಚ್ಚಿದಾಗ ಈ ಆಫೀಸಿನಲ್ಲಿ ಕೆಲವರನ್ನು ಮನೆಗೆ ಕಳಿಸಿದರಂತೆ. ಉಳಿದವರು ಹಗಲಿನಲ್ಲಿ ದೀಪ ಹಾಕದೆ, ಕಿಟಕಿಯ ಪಕ್ಕಕ್ಕೆ ಮೇಜು ಎಳೆದುಕೊಂಡು ಲೆಕ್ಕ ಬರೆದರಂತೆ. ರಾಯರ ಮೇಜು ಇಂದಿಗೂ ಆ ಕಿಟಕಿಯ ಪಕ್ಕದಲ್ಲೇ ಇದೆ. ಸ್ವಿಚ್ಚು ಒತ್ತಿದರೆ ಖರ್ಚು ನಿಲ್ಲುತ್ತಿದ್ದ ಕಾಲದಲ್ಲಿ ಆ ಕೈ ಈ ಆಫೀಸನ್ನು ಉಳಿಸಿದೆ. ಈಗಲೂ, ಯಾವ ಯಂತ್ರಕ್ಕೂ ಜೋಡಿಸದೆ ಸುಮ್ಮನೆ ಬಿದ್ದು ಬಾಡಿಗೆ ತಿನ್ನುತ್ತಿದ್ದ ಒಂದು ಡಿಸ್ಕನ್ನು ಕಂಡುಹಿಡಿದವರು ಅವರೇ. ಆ ಹುಡುಗರು ಬಿಟ್ಟುಹೋಗಿದ್ದ ಅದು ಬೇರೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಆದರೆ ನಿನ್ನೆ ಅವರು, ಭಾನುವಾರ ಹೇಗೂ ರಜೆ, ಆ ಕಾದಿರಿಸಿದ ವಿಳಾಸವನ್ನು ಶನಿವಾರ ಸಂಜೆ ಕಂಪನಿಗೆ ಹಿಂದಿರುಗಿಸಿ ಸೋಮವಾರ ಮತ್ತೆ ಪಡೆದರೇನು ಎಂದು ಕೇಳಿದರು. ಬಿಟ್ಟುಕೊಟ್ಟ ವಿಳಾಸ ಬೇರೊಬ್ಬರ ಪಾಲಾಗಬಹುದು ಎಂದೆ. ಅವರು ಬರೆದುಕೊಂಡ ರೀತಿ ನನಗೆ ಹಿಡಿಸಲಿಲ್ಲ. ಇಂದು ಬೆಳಗಿನ ಫೋನುಗಳೆಲ್ಲ ಮುಗಿದ ಮೇಲೆ, ರಾಯರ ಲಾಗಿನ್ನಿಗೆ ನೋಡುವ ಅನುಮತಿಯನ್ನು ಮಾತ್ರ ಉಳಿಸಿ, ನಿಲ್ಲಿಸುವ ಮತ್ತು ಬಿಟ್ಟುಕೊಡುವ ಅನುಮತಿಗಳನ್ನು ತೆಗೆದುಹಾಕಲು ಒಪ್ಪಿಗೆ ಕೋರಿ ಸಾಹುಕಾರರಿಗೆ ಒಂದು ಪತ್ರ ಬರೆದೆ. ಖರ್ಚುವೆಚ್ಚದ ಕಾಗದವಾದ್ದರಿಂದ ಅಭಿಪ್ರಾಯ ಬರೆದು ಕಳಿಸಿ ಎಂಬ ಟಿಪ್ಪಣಿಯೊಂದಿಗೆ ಅವರು ಅದನ್ನು ಮಧ್ಯಾಹ್ನವೇ ರಾಯರ ಮೇಜಿಗೆ ಕಳಿಸಿದ್ದಾರೆ.