ಇಪ್ಪತ್ತೈದು ಪರ್ಸೆಂಟ್ ನಮ್ಮವರು

ಅಮೆರಿಕದ ಸುಂಕದ ಸುದ್ದಿ ಬಂದಾಗಲೆಲ್ಲ ನನಗೆ ಆ ಹದಿನಾಲ್ಕು ವಜ್ರದುಂಗುರ ನೆನಪಾಗುತ್ತವೆ.

ಫಿಲಿಪೈನ್ಸ್ ಯುದ್ಧಕ್ಕೆ ಹೋಗಿದ್ದ ಒಬ್ಬ ಅಮೆರಿಕನ್ ಸಿಪಾಯಿ ಬರುವಾಗ ಅವನ್ನು ತಂದಿದ್ದ. ಸುಂಕ ಕಟ್ಟಿಲ್ಲ ಅಂತ 1900ರಲ್ಲಿ ಶಿಕಾಗೋದಲ್ಲಿ ಅಧಿಕಾರಿಗಳು ಕಿತ್ತುಕೊಂಡರು. ಕೇಸು ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ಪ್ರಶ್ನೆ ಇಷ್ಟೇ: ಫಿಲಿಪೈನ್ಸ್ ನಮ್ಮದು ಅಂದಮೇಲೆ ಅಲ್ಲಿಂದ ತಂದ ಸಾಮಾನಿಗೆ ಎಂಥ ಸುಂಕ? 1901ರ ಡಿಸೆಂಬರ್‌ನಲ್ಲಿ ಕೋರ್ಟ್ ಸಿಪಾಯಿ ಪರ ತೀರ್ಪು ಕೊಟ್ಟಿತು. ಮೂರು ತಿಂಗಳು ಕಳೆಯಿತು ಅಷ್ಟೇ. 1902ರ ಮಾರ್ಚ್‌ನಲ್ಲಿ ಅಮೆರಿಕದ ಸಂಸತ್ತು ಹೊಸ ಕಾನೂನು ತಂದು ಫಿಲಿಪೈನ್ಸ್ ಸರಕಿಗೆ ಸುಂಕ ಹಾಕಿತು. ಹೊರದೇಶದ ಸರಕಿಗೆ ಎಷ್ಟಿತ್ತೋ ಅದರ ಮುಕ್ಕಾಲು ಪಾಲು. ಅಂದ್ರೆ ಇಪ್ಪತ್ತೈದು ಪರ್ಸೆಂಟ್ ನಮ್ಮವರು!

ಈ ‘ನಮ್ಮದು’ ಆಗಿದ್ದು ಹೇಗೆ? ಆಳುತ್ತಿದ್ದ ಸ್ಪೇನ್‌ನಿಂದ 1898ರ ಜೂನ್ 12ರಂದೇ ಫಿಲಿಪೈನ್ಸ್ ನಾಯಕ ಎಮಿಲಿಯೊ ಅಗಿನಾಲ್ಡೊ ಸ್ವಾತಂತ್ರ್ಯ ಘೋಷಿಸಿಯಾಗಿತ್ತು. ಡಿಸೆಂಬರ್‌ನಲ್ಲಿ ಪ್ಯಾರಿಸ್‌ನಲ್ಲಿ ಕೂತು, ಅಮೆರಿಕದೆದುರು ಯುದ್ಧ ಸೋತಿದ್ದ ಸ್ಪೇನ್ ಆ ದ್ವೀಪಗಳನ್ನು ಬರೆದುಕೊಟ್ಟಿತು, ಅಮೆರಿಕ 2 ಕೋಟಿ ಡಾಲರ್ ಕೊಟ್ಟಿತು. ಮನೆಯವರ, ಅಂದ್ರೆ ಫಿಲಿಪಿನೋಗಳ, ಪರವಾಗಿ ಮಾತಾಡಲು ಅಗಿನಾಲ್ಡೊ ಕಳಿಸಿದ ಫೆಲಿಪೆ ಅಗೊನ್ಸಿಲ್ಯೊ ಪ್ಯಾರಿಸ್‌ವರೆಗೂ ಹೋಗಿದ್ದರು. ಒಳಗೇ ಬಿಡಲಿಲ್ಲ. ಎರಡು ತಿಂಗಳಲ್ಲಿ ಫಿಲಿಪಿನೋಗಳಿಗೂ ಅಮೆರಿಕಕ್ಕೂ ಯುದ್ಧ ಶುರುವಾಯಿತು. ಸುಮಾರು 2 ಲಕ್ಷ ಜನಸಾಮಾನ್ಯರು ಗುಂಡಿಗೆ, ಹಸಿವಿಗೆ, ಕಾಲರಾಕ್ಕೆ ಸತ್ತಿರಬಹುದು ಅನ್ನುತ್ತಾರೆ.

ಇಷ್ಟೆಲ್ಲ ಯಾತಕ್ಕೆ? ಉತ್ತರ ಹುಡುಕೋಕೆ ಯಾವ ಗುಪ್ತ ಕಡತವೂ ಬೇಡ. 1900ರ ಜನವರಿಯಲ್ಲಿ ಸೆನೆಟರ್ ಆಲ್ಬರ್ಟ್ ಬೆವರಿಜ್ ಸಭೆಯಲ್ಲೇ ಹೇಳಿದರು: ಫಿಲಿಪೈನ್ಸ್ ಎಂದೆಂದಿಗೂ ನಮ್ಮದು, ಅದರಾಚೆಗೆ ಚೀನಾದ ಕೊನೆಯಿಲ್ಲದ ಮಾರುಕಟ್ಟೆ ಇದೆ. ಮುಚ್ಚುಮರೆಯೇ ಇಲ್ಲ.

ಆ ಮಾರುಕಟ್ಟೆಗೆ ಹೊಂದಿದ್ದೇ ‘ಮುಕ್ತದ್ವಾರ ನೀತಿ’. ನಾವೆಲ್ಲ ಐದು ಅಂಕಕ್ಕೆ ಬಾಯಿಪಾಠ ಮಾಡಿದ್ದು. ಅಮೆರಿಕದ ವಿದೇಶಾಂಗ ಮಂತ್ರಿ ಜಾನ್ ಹೇ 1899ರ ಸೆಪ್ಟೆಂಬರ್‌ನಿಂದ ಬ್ರಿಟನ್, ಜರ್ಮನಿ, ರಷ್ಯಾ ಮೊದಲಾದವರಿಗೆ ಪತ್ರ ಬರೆದರು. ಚೀನಾದಲ್ಲಿ ನಿಮ್ಮ ನಿಮ್ಮ ಪ್ರಭಾವದ ಜಾಗಗಳಲ್ಲೂ ಎಲ್ಲರಿಗೂ ಒಂದೇ ಸುಂಕ, ಒಂದೇ ಬಂದರು ಶುಲ್ಕ ಇರಲಿ ಅಂತ. ಚೀನಾವನ್ನು ಯಾರೂ ಕೇಳಲಿಲ್ಲ. ಉಳಿದವರು ‘ಬೇರೆಯವರು ಒಪ್ಪಿದರೆ ನಾವೂ’ ಅಂತ ಜಾರಿಕೊಂಡರು, ರಷ್ಯಾ ಅಂತೂ ಕೈಗೆ ಸಿಗಲೇ ಇಲ್ಲ. ಆದರೂ 1900ರ ಮಾರ್ಚ್‌ನಲ್ಲಿ ಹೇ ‘ಎಲ್ಲರೂ ಒಪ್ಪಿದ್ದಾರೆ, ಮುಗೀತು’ ಅನ್ನೋ ಹಾಗೆ ಘೋಷಿಸಿಬಿಟ್ಟರು. ಈ ಧೈರ್ಯಕ್ಕೆ ನಾನು ಮೆಚ್ಚಿದೆ!

ಆದರೆ ನನ್ನ ತಕರಾರು ಇರುವುದು ಬೇರೆ ಕಡೆ. ಚೀನಾದ ಬಾಗಿಲು ತೆಗೀರಿ ಅಂತ ಬಡಿಯುತ್ತಿದ್ದವರು ತಮ್ಮ ಮನೆ ಬಾಗಿಲಿಗೆ 1882ರಲ್ಲೇ ಅಗುಳಿ ಹಾಕಿದ್ದರು. ಚೀನೀ ಕೂಲಿಗಳು ಬರುವಂತಿಲ್ಲ ಅಂತ ಕಾನೂನು. 1902ರಲ್ಲಿ ಅದು ಫಿಲಿಪೈನ್ಸ್‌ಗೂ ಅನ್ವಯವಾಯಿತು. ಅಂದ್ರೆ ಶತಮಾನಗಳಿಂದ ಹೋಗಿಬರುತ್ತಿದ್ದ ಪಕ್ಕದೂರಿಗೆ ಚೀನೀಯನನ್ನು ಬಿಡೋದು ಬೇಡ ಅಂತ ವಾಷಿಂಗ್ಟನ್ ತೀರ್ಮಾನಿಸಿತು. 1904ರಲ್ಲಿ ಕಾನೂನಿಗಿದ್ದ ಕಾಲಮಿತಿಯೂ ಹೋಗಿ ಅದು ಕಾಯಂ ಆಯಿತು. ಬರಲು ಹಕ್ಕಿದ್ದ ವರ್ತಕರು, ವಿದ್ಯಾರ್ಥಿಗಳೂ ಬಂದರಿನಲ್ಲಿ ಅವಮಾನ ತಿಂದರು.

ಸರಕಿಗೆ ಬಾಗಿಲು ತೆಗಿ, ಮನುಷ್ಯನಿಗೆ ಮುಚ್ಚು. ಇದು ಶಾಂಘೈ ವರ್ತಕರಿಗೆ ಅರ್ಥವಾಗದೆ ಇರುತ್ತಾ? 1905ರ ಜುಲೈನಲ್ಲಿ ಅಮೆರಿಕನ್ ಸರಕಿಗೆ ಬಹಿಷ್ಕಾರ ಹಾಕಿದರು. ಬಟ್ಟೆ, ಹಿಟ್ಟು, ಸಿಗರೇಟು, ಸೀಮೆಎಣ್ಣೆ. ಸ್ಟ್ಯಾಂಡರ್ಡ್ ಆಯಿಲ್ ಅಗ್ಗದ ದೀಪ ಕೊಟ್ಟು ಎಣ್ಣೆಯ ರುಚಿ ಹತ್ತಿಸಿದ ಊರುಗಳವು. (ಚೀನೀಯರು ಅದಕ್ಕೆ ‘ಯಾಂಗ್ ಯೂ’ ಅನ್ನುತ್ತಿದ್ದರು, ಹೊರದೇಶದ ಎಣ್ಣೆ ಅಂತ. ನಮ್ಮ ‘ಸೀಮೆಎಣ್ಣೆ’ ಅಂದರೂ ಅದೇ ಅಲ್ವಾ!)

ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ವರ್ತಕರ ಜೊತೆ ಸ್ವಲ್ಪ ಮರ್ಯಾದೆಯಿಂದ ನಡೆದುಕೊಳ್ಳಿ ಅಂತ ಅಧಿಕಾರಿಗಳಿಗೆ ಹೇಳಿದರು. ಕಾನೂನು ಮುಟ್ಟಲಿಲ್ಲ. ಅದು ರದ್ದಾಗಿದ್ದು 1943ರಲ್ಲಿ, ಜಪಾನ್ ವಿರುದ್ಧದ ಯುದ್ಧದಲ್ಲಿ ಚೀನಾ ಜೊತೆಗಾರನಾದ ಮೇಲೆ. ಆಗ ತೆರೆದ ಬಾಗಿಲಲ್ಲಿ ವರ್ಷಕ್ಕೆ 105 ಚೀನೀಯರು ಒಳಗೆ ಬರಬಹುದಿತ್ತು.