ಬಾಬಿ ಅಂದ ಕೂಡಲೇ ಮೂರು ಪಟ್ಟು!

ಅಪ್ಪನ ರಾಜದೂತ್ ಜಿಟಿಎಸ್ 175 ರೆಡಿ ಮಾಡಿಸೋಣ ಅಂತ 25,000 ರೂಪಾಯಿ ಎತ್ತಿಟ್ಟಿದ್ದೆ. ಅದೇ, 1973ರ ಸಿನಿಮಾದಿಂದ ‘ಬಾಬಿ’ ಅಂತಲೇ ಹೆಸರಾದ ಪುಟ್ಟ ಚಕ್ರದ ಬೈಕ್.

ಅದರ ಎಂಜಿನ್ ಮಾಮೂಲಿ ರಾಜದೂತ್‌ನದ್ದೇ, 173 ಸಿಸಿ ಟೂ ಸ್ಟ್ರೋಕ್. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ರಾಜದೂತ್ ಪಿಸ್ಟನ್ ರಿಂಗ್ ಕೇಳಿದರೆ ಒಂದು ರೇಟು. ಬಾಯಿ ತಪ್ಪಿ ‘ಬಾಬಿಗೆ’ ಅಂದೆನೋ, ಅದೇ ಡಬ್ಬಿ, ಅದೇ ರಿಂಗ್, ಮೂರು ಪಟ್ಟು ದುಡ್ಡು! ಯಾಕಣ್ಣಾ ಅಂದರೆ, “ಇದೆಲ್ಲ ಈಗ ವಿಂಟೇಜ್ ಸಾರ್” ಅನ್ನುತ್ತಾರೆ. ಹೊಟ್ಟೆ ಉರಿಯುತ್ತದೆ.

ಟ್ಯಾಂಕ್ ದುಬಾರಿ ಅಂದರೆ ಒಪ್ಪುತ್ತೇನೆ. ಹುಡುಕಿದರೂ ಸಿಗುವುದಿಲ್ಲ. ಅದಕ್ಕೇ ಹಳೇದನ್ನೇ ಉಳಿಸಿಕೊಂಡೆ. ಒಳಗೆ ಒಂದು ಹಿಡಿ ನಟ್ಟು, ಸ್ವಲ್ಪ ಡೀಸೆಲ್ ಹಾಕಿ ಎರಡು ಸಂಜೆ ಕುಲುಕಿದೆ. ಕಾಫಿ ಡಿಕಾಕ್ಷನ್ ತರ ತುಕ್ಕು ಇಳಿಯಿತು. ತೋಳು ಇನ್ನೂ ನೋಯುತ್ತಿದೆ.

ಆದರೆ ರಿಂಗಿಗೂ ಹೀಗೆ ಸುಲಿಗೆ ಮಾಡಬೇಕಾ? ಈ ಗಾಡಿ ದುಡ್ಡಿದ್ದವರ ಶೋಕಿಗೆ ಮಾತ್ರನಾ? ಇದೇ ಟ್ಯಾಂಕ್ ಮೇಲೆ ಕೂರಿಸಿಕೊಂಡು ಅಪ್ಪ ನನ್ನನ್ನು ಶಾಲೆಗೆ ಬಿಡುತ್ತಿದ್ದರು. ಶನಿವಾರ ಮತ್ತೆ ಹೋಗುತ್ತೇನೆ. ರಾಜದೂತ್ ಅಂತಷ್ಟೇ ಕೇಳುತ್ತೇನೆ.