ಕೊಕ್ಕೆ ಕಾಯಿಯ ಕುಲಗೋತ್ರ

ಕ್ಯಾಲಿಫೋರ್ನಿಯಾದ ಮಗಳ ಮನೆಗೆ ಹೋದವರು ಸಾಮಾನ್ಯವಾಗಿ ಡಿಸ್ನಿಲ್ಯಾಂಡಿಂದ ಟೋಪಿ ತರುತ್ತಾರೆ. ನಮ್ಮ ಯಜಮಾನರು ಸ್ಯಾನ್ ಬರ್ನಾರ್ಡಿನೊ ಬೆಟ್ಟದಿಂದ ಪೈನ್ ಕಾಯಿ ಹೊತ್ತು ತಂದರು.

ಮಗಳ ಗೆಳತಿಯ ಹಿತ್ತಲಲ್ಲಿ ಬಿದ್ದಿತ್ತು. ಪೈನ್ ಕಾಯಿ ಅಂದ್ರೆ ಅಂಗೈಯಲ್ಲಿ ಕೂರುವಂಥದ್ದು ಅಲ್ವಾ? ಇದು ಎಳೆ ಹಲಸಿನಕಾಯಿಯಷ್ಟಿತ್ತು. ಒಂದೊಂದು ಎಸಳಿನ ತುದಿಗೂ ಬಾಗಿದ ಚೂಪು ಕೊಕ್ಕೆ. ಏನು ಜಾತಿ ಅಂತ ಗೆಳತಿಯ ಗಂಡನನ್ನು ಕೇಳಿದರೆ "ಪೈನ್ ಕೋನ್ ಆಂಟಿ" ಅಂದ. ಅಷ್ಟು ನಮಗೂ ಗೊತ್ತಿತ್ತು. ಆದರೆ ಕಾರನ್ನು ಮರದಿಂದ ದೂರ ನಿಲ್ಲಿಸಿದ್ದ. ಬಾನೆಟ್ ಮೇಲೊಂದು ಗುಳಿಯೂ ಇತ್ತು. ಆ ಮರದ ಬಗ್ಗೆ ತಿಳಿಯಬೇಕಾದ್ದನ್ನು ಅವನು ತಿಳಿದಿದ್ದ ಅನ್ನಿ.

ಅಳಿಯಂದಿರು ನೋಡಿದ ಕೂಡಲೇ "ಶುಗರ್ ಪೈನ್" ಅಂದರು. ಅತಿ ಉದ್ದದ ಪೈನ್ ಕಾಯಿ ಅದರದ್ದೇ, ಅರ್ಧ ಮೀಟರ್‌ವರೆಗೂ ಬೆಳೆಯುತ್ತದೆ. ಆದರೆ ಅದು ಸಪೂರ, ಕೊಕ್ಕೆ ಇಲ್ಲ. 1826ರಲ್ಲಿ ಡೇವಿಡ್ ಡಗ್ಲಾಸ್ ಅನ್ನೋ ಸಸ್ಯಶೋಧಕ ಒರೆಗಾನ್ ಕಾಡಲ್ಲಿ ಆ ಕಾಯಿಯನ್ನು ಬಂದೂಕಿನಿಂದ ಹೊಡೆದು ಬೀಳಿಸಿದ್ದ. ನಮ್ಮವರು ಬರಿಗೈಲಿ ಅಪ್ಪಿಕೊಂಡು ಬಂದಿದ್ದರು. ಬಂದೂಕೇ ವಾಸಿ. ಅಂಗಿ, ಅಂಗೈ, ಕಾರಿನ ಸೀಟು, ಎಲ್ಲ ಕಡೆ ಅಂಟು. ಸೋಪಿಗೆ ಅದು ಕ್ಯಾರೇ ಅನ್ನಲಿಲ್ಲ. ಕೊನೆಗೆ ಊರಿಂದ ಒಯ್ದ ನನ್ನ ಕೊಬ್ಬರಿ ಎಣ್ಣೆಗೆ ಬಗ್ಗಿತು. ಬಾಟಲಿ ತಳ ಕಂಡಿತು.

ಜಾತಿ ಹಿಡಿಯಲು ತೂಕ ಬೇಕು ಅಂತ ಮಗಳು ಬಾತ್‌ರೂಮಿನ ತೂಕದ ಯಂತ್ರ ತಂದಳು. ಅಪ್ಪ ಕಾಯಿ ಹಿಡಿದು ಹತ್ತಬೇಕು, ಆಮೇಲೆ ಕಾಯಿ ಬಿಟ್ಟು ಹತ್ತಬೇಕು, ಕಳೆದರೆ ಸಿಕ್ಕಿತು. ಹಿಡಿದು ಹತ್ತಿದರು. ಅಂಕಿ ನೋಡಿದರು. "ಕಾಯಿ ಭಾರೀ ಇದೆ" ಅಂತ ಇಳಿದರು. ಬಿಟ್ಟು ಹತ್ತಲು ಸುತರಾಂ ಒಪ್ಪಲಿಲ್ಲ. ಆ ಲೆಕ್ಕದಲ್ಲಿ ಕಾಯಿ ಇಪ್ಪತ್ತು ಕೆಜಿಗೆ ಕಡಿಮೆಯಿಲ್ಲ.

ರಾತ್ರಿ ಅದನ್ನು ಹೀಟರ್ ಪಕ್ಕ ಇಟ್ಟರು, ಒಣಗಲಿ ಅಂತ. ನಡುರಾತ್ರಿ ಹಾಲ್‌ನಲ್ಲಿ ಪಟ್, ಪಟ್. ಬೀಗರು ಇಲಿ ಅಂತ ಪೊರಕೆ ಹಿಡಿದು ಹೊರಟರು. ಬಿಸಿಗೆ ಕಾಯಿ ಒಂದೊಂದೇ ಎಸಳು ಬಿಚ್ಚುತ್ತಿತ್ತು. ಕತ್ತಲಲ್ಲಿ ಅವರ ಪಂಚೆ ಕೊಕ್ಕೆಗೆ ಸಿಕ್ಕಿತು. ಮುಂದಿನದ್ದನ್ನು ಅವರ ಮರ್ಯಾದೆಗಾಗಿ ಬರೆಯುವುದಿಲ್ಲ.

ಬೆಳಿಗ್ಗೆ ಕಾರ್ಪೆಟ್ ತುಂಬ ರೆಕ್ಕೆ ಬೀಜ. ಕೊಕ್ಕೆ ಕಾಯಿಗಳಲ್ಲಿ ಅಲ್ಲಿ ಇಬ್ಬರು ದಾಯಾದಿಗಳಿದ್ದಾರೆ: ಗ್ರೇ ಪೈನ್, ಕೋಲ್ಟರ್ ಪೈನ್. ಗ್ರೇ ಪೈನಿನ ಬೀಜಕ್ಕೆ ರೆಕ್ಕೆ ಮೋಟು. ಕೋಲ್ಟರಿನದು ಬೀಜಕ್ಕಿಂತ ಉದ್ದ. ಮೊಮ್ಮಗ ಸ್ಕೇಲ್ ಇಟ್ಟು ಅಳೆದ. ರೆಕ್ಕೆಯೇ ಉದ್ದ. ಅಂದ್ರೆ ಕೋಲ್ಟರ್, ಪೈನ್ ಕಾಯಿಗಳಲ್ಲೇ ಅತಿ ಭಾರದ್ದು. ಹಸಿಯಾಗಿದ್ದಾಗ 2ರಿಂದ 5 ಕೆಜಿ ತೂಗುತ್ತದೆ. ಮರದ ಕೆಳಗೆ ಕೆಲಸ ಮಾಡೋರಿಗೆ ಹೆಲ್ಮೆಟ್ ಹಾಕಿ ಅಂತಾರೆ.

"ಐದೇ ಕೆಜಿನಾ?" ಅಂತ ಮಗಳು ಅಪ್ಪನ ಹೊಟ್ಟೆ ನೋಡಿದಳು.

ಅವರು ಪೇಪರ್ ಎತ್ತಿ ಮುಖಕ್ಕೆ ಅಡ್ಡ ಹಿಡಿದರು. ಕೈಯಲ್ಲಿ ಇನ್ನೂ ಅಂಟಿತ್ತು. ಪೇಪರ್ ಬಿಡಿಸಲು ಮತ್ತೆ ಎಣ್ಣೆ ಕೇಳಿದರು. ಎಲ್ಲಿಂದ ತರಲಿ?